ತೋಳಿನ ಗುಂಡಿ

ಗುಂಡಿ ಸಿಗದೆ ಅವಳು ಗಂಡನ ಮೇಜಿನ ಮೂರನೇ ಡ್ರಾಯರನ್ನೂ ನೆಲಕ್ಕೆ ಸುರಿದಳು. ಗಡಿಯಾರದ ಮುಳ್ಳು, ಸ್ಪ್ರಿಂಗು, ಹರಿದ ಬೆಲ್ಟು ಎಲ್ಲ ಚೆಲ್ಲಾಡಿದವು. ನಲವತ್ತು ವರ್ಷ ಊರವರ ಗಡಿಯಾರ ರಿಪೇರಿ ಮಾಡಿದ ಮನುಷ್ಯನಿಗೆ ತನ್ನ ಅಂಗಿಯ ಮೇಲೆ ಎಂದೂ ಗಮನವಿರಲಿಲ್ಲ. ಈಗಲೂ ಪಕ್ಕದ ಕೋಣೆಯಲ್ಲಿ ಒಂದು ತೋಳು ತೆರೆದುಕೊಂಡೇ ಮಲಗಿದ್ದ.

"ಅತ್ತಿಗೆ, ಗಾಡಿ ಬಂತು. ಒಂದು ಪಿನ್ನು ಹಾಕಿದ್ರಾಯ್ತು ಬಿಡಿ," ಎಂದಳು ನಾದಿನಿ.

"ಪಿನ್ನು ಹಾಕಿ ಕಳಿಸೋಕೆ ನಿಮ್ಮಣ್ಣ ಏನು ಕಾಗದಾನಾ?"

ಹಜಾರದಲ್ಲಿ ಅತ್ತೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ನನ್ನ ಮಗನಿಗೆ ಒಂದು ಮಗೂನೂ ಹೆತ್ತುಕೊಡ್ಲಿಲ್ಲ ನೋಡಿ ಇವಳು." ವಯಸ್ಸು ಎಂಬತ್ತೆಂಟು, ಗಂಟಲು ಮಾತ್ರ ಇನ್ನೂ ಗಟ್ಟಿಮುಟ್ಟು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಕೈಗೆ ಕಂದು ಗಾಜಿನ ಸೀಸೆ ಸಿಕ್ಕಿತು. ಅತ್ತೆ ಬಸುರಿಯಾಗಿದ್ದಾಗಿನ ಮಾತ್ರೆ ಸೀಸೆ. ಅವರು ಅದನ್ನು ಎಸೆಯಲು ಬಿಟ್ಟಿರಲಿಲ್ಲ. ಗಂಡ ಅದರಲ್ಲಿ ಸ್ಕ್ರೂ, ಗುಂಡಿ ತುಂಬಿಟ್ಟಿದ್ದ.

*

ಮದುವೆಯಾಗಿ ಆರು ವರ್ಷಕ್ಕೆ, ಅವಳ ತಪಾಸಣೆಗಳೆಲ್ಲ ಮುಗಿದ ಮೇಲೆ, ಡಾಕ್ಟರು ಅವನನ್ನೂ ಪರೀಕ್ಷಿಸಿದ್ದರು. ವೀರ್ಯಾಣು ತೀರಾ ಕಡಿಮೆ. ತಾಯಿ ಬಸಿರಿನಲ್ಲಿ ಯಾವುದಾದರೂ ಮಾತ್ರೆ ನುಂಗಿದ್ದರೇ ಎಂದು ಕೇಳಿದ್ದಕ್ಕೆ ಅವನು ಈ ಸೀಸೆ ಒಯ್ದು ತೋರಿಸಿದ. ಗರ್ಭ ನಿಲ್ಲಲೆಂದು ಆಗ ಕೊಡುತ್ತಿದ್ದ ಹಾರ್ಮೋನು.

"ಇದರಿಂದಲೇ ಅಂತ ಖಚಿತವಾಗಿ ಹೇಳೋಕಾಗಲ್ಲ," ಎಂದರು ಡಾಕ್ಟರು. "ಇರಬಹುದು. ಹೊಟ್ಟೆಯಲ್ಲಿದ್ದ ಗಂಡುಮಕ್ಕಳಿಗೂ ಇದು ತೊಂದರೆ ಮಾಡಿದ್ದುಂಟು."

ದಾರಿಯಲ್ಲಿ ಅವನು ಅಂದಿದ್ದ: "ಅಮ್ಮನಿಗೆ ಹೇಳ್ಬೇಡ ಕಣೇ. ಎರಡು ಬಸಿರು ಹೋದ್ಮೇಲೆ ನಾನಾದ್ರೂ ಉಳೀಲಿ ಅಂತ ನುಂಗಿದ್ದು. ಗೊತ್ತಾದ್ರೆ ಎದೆ ಒಡೆದು ಸಾಯ್ತಾಳೆ."

"ಮತ್ತೆ ನನ್ನ ಮೇಲೆ ಬರೋ ಮಾತು?"

"ಅಮ್ಮ ಇರೋ ತನಕ ತಾನೆ? ಆಮೇಲೆ ನಾನೇ ಎಲ್ರಿಗೂ ಹೇಳ್ತೀನಿ."

*

ಹೇಳಬೇಕಾದವನೇ ಮೊದಲು ಹೊರಟಿದ್ದ. ಊರಿಗೆಲ್ಲ ಟೈಮು ಸರಿಮಾಡಿಕೊಟ್ಟವನು ಇದೊಂದರಲ್ಲಿ ತಪ್ಪಿದ್ದ. ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಇನ್ನು ಸಾಕು, ಇವತ್ತು ಹೇಳಿಯೇಬಿಡುತ್ತೇನೆ ಎಂದು ಸೀಸೆ ಹಿಡಿದು ನೇರ ಹಜಾರಕ್ಕೆ ನಡೆದಳು.

"ಅತ್ತೆ, ಇದೇನು ಗೊತ್ತಾ?"

ಅತ್ತೆ ಅದನ್ನು ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. "ಅಯ್ಯೋ, ಗೊತ್ತಿಲ್ದೆ ಏನು! ದಿನಾ ಒಂದು. ಒಂದು ದಿನಾನೂ ತಪ್ಪಿಸ್ಲಿಲ್ಲ. ಇದರಿಂದ್ಲೇ ನನ್ನ ಕಂದ ಉಳಿದದ್ದು." ಆಮೇಲೆ ಎಲ್ಲರೆದುರು ಸೊಸೆಯ ಮುಖ ನೋಡಿ, "ನೀನೂ ತಗೋ ಅಂತ ಎಷ್ಟು ಬಡ್ಕೊಂಡೆ! ನನ್ನ ಮಾತು ಕಿವಿ ಮೇಲೆ ಹಾಕ್ಕೊಂಡ್ಯಾ?" ಎಂದರು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಸೀಸೆಯನ್ನು ಎದೆಗೆ ಒತ್ತಿಕೊಂಡರು; ಒಳಗಿನ ಗುಂಡಿಗಳು ಸದ್ದು ಮಾಡಿದವು.

"ಕೊಡಿ ಇಲ್ಲಿ," ಎಂದಳು. "ಗುಂಡಿ ಬೇಕು."

ಬಿಳಿ ಅಂಗಿಗೆ ಕರಿ ಗುಂಡಿಯೇ ಸಿಕ್ಕಿತು. ಗಂಡನ ಪಕ್ಕ ಕುಳಿತು, ತಣ್ಣಗಿನ ಕೈಯನ್ನು ಮಡಿಲಿಗೆಳೆದುಕೊಂಡು ಹೊಲಿಯತೊಡಗಿದಳು.

"ಅತ್ತಿಗೆ, ಗುಂಡಿ ನಿಂತಿದೆ, ಸಾಕು," ಎಂದಳು ನಾದಿನಿ.

ಹೊರಗೆ ಗಾಡಿಯವನು ಹಾರನ್ ಒತ್ತಿದ. ಅವಳು ತಲೆ ಎತ್ತಲಿಲ್ಲ. ಸೂಜಿ ಅದೇ ತೂತುಗಳಲ್ಲಿ ಹೋಗಿ ಬರುತ್ತಲೇ ಇತ್ತು, ದಾರ ಮುಗಿಯುವ ತನಕ.