ಕೂತಲ್ಲೇ ಗೆಲ್ಲುವವರ ಅಭಿಮಾನಿ

ಚಂದ್ರಶಾ ಅವರನ್ನು ಏನನ್ನಾದರೂ ಕೇಳಿದರೆ ಉತ್ತರ ತಕ್ಷಣ ಬರುವುದಿಲ್ಲ. ಕಣ್ಣು ಮಿಟುಕಿಸದೆ, ಕೈ ಅಲುಗಿಸದೆ, ಗೋಡೆಯ ಮೇಲಿನ ಭಾವಚಿತ್ರದಂತೆ ಅವರು ಸ್ತಬ್ಧರಾಗಿಬಿಡುತ್ತಾರೆ. ಆ ಸ್ತಬ್ಧತೆ ಎಷ್ಟು ದೀರ್ಘವೆಂದರೆ, ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ ಎಂಬ ಸಂಶಯ ಕೇಳಿದವನಿಗೇ ಹುಟ್ಟುತ್ತದೆ. ಆಮೇಲೆ ತುಟಿಗಳಷ್ಟೇ ಚಲಿಸುತ್ತವೆ. ಮುಖದ ಉಳಿದ ಭಾಗಕ್ಕೆ ಆ ಮಾತಿನ ಸುದ್ದಿ ತಲುಪಿದಂತೆ ಕಾಣುವುದಿಲ್ಲ.

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಕಮಲಾಪುರದ ಕೆಂಪು ಬಾಳೆ ಬೆಳೆಗಾರರು ಸೇರಿ ಕಟ್ಟಿಕೊಂಡ ಒಂದು ಸಣ್ಣ ಕಂಪನಿಗೆ ಅವರು ವ್ಯವಸ್ಥಾಪಕರು. ಅವರದೊಂದು ಬೂದುಬಣ್ಣದ ಕೋಟು ಇದೆ. ಮೇ ತಿಂಗಳ ಬಿಸಿಲಿನಲ್ಲೂ ಅದನ್ನು ಮಲಗಿದ ಕೂಸಿನಂತೆ ಎಡಗೈ ಮೇಲೆ ಹೊತ್ತುಕೊಂಡು ಬಸ್ಸು ಹತ್ತುತ್ತಾರೆ; ಕಮಲಾಪುರದ ಕಚೇರಿಯ ಹೊಸ್ತಿಲಲ್ಲಿ ನಿಂತು ತೊಟ್ಟು, ಗುಂಡಿ ಹಾಕಿ, ಅನಂತರವೇ ಒಳಗೆ ಕಾಲಿಡುತ್ತಾರೆ. ಕೋಟಿನ ಮೂಲ, ಮೌನದ ಮೂಲ ಎರಡೂ ಒಂದೇ ಎಂದು ನನಗೆ ತಿಳಿದದ್ದು ಅವರ ಟಿ.ವಿ.ಯ ಮುಂದೆ ಕುಳಿತಾಗ.

ಅವರ ಮಗಳು ಪ್ರೀತಿ ಜಪಾನಿನ ಅನಿಮೆಗಳ, ಅಂದರೆ ಕಾರ್ಟೂನು ಧಾರಾವಾಹಿಗಳ, ಭಕ್ತೆ. ಖಡ್ಗ ಹಿಡಿದು ಆಕಾಶಕ್ಕೆ ನೆಗೆಯುವ ಹುಡುಗರ ಕಥೆಗಳನ್ನು ಅವಳು ನೋಡುತ್ತಿದ್ದಾಗ, ಪರದೆಯ ಅದೇ ಸಾಲಿನ ತುದಿಯಲ್ಲಿ ಅಪ್ಪನ ಕಣ್ಣಿಗೆ ಬಿದ್ದದ್ದು ಮೂರು-ನಾಲ್ಕು ದಶಕ ಹಳೆಯ ಒಂದು ಧಾರಾವಾಹಿ: ವ್ಯಾಪಾರಿ ಕಂಪನಿಯೊಂದರ ಬೂದು ಕೋಟಿನ ಗುಮಾಸ್ತರು, ವಿಭಾಗದ ಮುಖ್ಯಸ್ಥರು, ಸುರುಳಿ ವೈರಿನ ಟೆಲಿಫೋನು, ಕೈಯಿಂದಲೇ ಬಣ್ಣ ಬಳಿದ ಸಂಜೆಯ ಕಿಟಕಿ. ಅಲ್ಲಿಂದ ಅವರು ಅಂಥವನ್ನೇ ಹುಡುಕಿ ಹುಡುಕಿ ನೋಡತೊಡಗಿದರು. ಭಾನುವಾರದ ಮಧ್ಯಾಹ್ನ ನಾನೂ ಜೊತೆಗೂಡುತ್ತಿದ್ದೆ. ಪ್ರೀತಿ ಒಳಗಿನಿಂದಲೇ ಚುಚ್ಚುತ್ತಿದ್ದಳು: “ಅಪ್ಪಾ, ನಿಮ್ಮ ಮಂದಿ ಇನ್ನಾ ಮೀಟಿಂಗದಾಗೇ ಕುಂತಾರೇನು?”

“ನಿಮ್ಮವರು ಹಾರಿ ಗೆಲ್ತಾರವ್ವಾ. ಇವರು ಕುಂತಲ್ಲೇ ಗೆಲ್ತಾರ, ಕುಂತಲ್ಲೇ ಸೋಲ್ತಾರ. ಅದೇ ತ್ರಾಸಿನ ಕೆಲಸ.”

ವಿಜ್ಞಾನದ ಪುಸ್ತಕಗಳನ್ನು ಓದಿ ಓದಿ ಎಲ್ಲದರಲ್ಲೂ ಕಾರಣ ಕೆದಕುವ ಚಟ ಅಂಟಿರುವ ನಾನು ಒಮ್ಮೆ ಹೇಳಿದೆ: ಆ ಪಾತ್ರಗಳ ಗಂಭೀರ ನಿಶ್ಚಲತೆಯಲ್ಲಿ ತತ್ತ್ವವೇನೂ ಇಲ್ಲ, ಪ್ರತಿ ಚಲನೆಗೂ ಹೊಸ ಚಿತ್ರ ಬರೆಯಬೇಕಾದ್ದರಿಂದ ಖರ್ಚು ಉಳಿಸಲು ತುಟಿಗಳನ್ನಷ್ಟೇ ಅಲ್ಲಾಡಿಸುತ್ತಿದ್ದರು. ಅವರು ಎಂದಿನಂತೆ ಸ್ತಬ್ಧರಾದರು. ಬಳಿಕ, “ಖರ್ಚು ಉಳಸಾಕೇ ಸುಮ್ಮ ಕುಂದ್ರಸ್ಯಾರ ಅನ್ರಿ ಸರ್, ಕುಂತದ್ದಂತೂ ಖರೆ ಅದಲ್ಲ?” ಎಂದರು. ಧಾರಾವಾಹಿ ಅವರನ್ನು ಹೀಗೆ ಮಾಡಿತೋ, ಹೀಗಿದ್ದವರಿಗೆ ಧಾರಾವಾಹಿ ಒಲಿಯಿತೋ ನಾನು ನಿರ್ಧರಿಸಲಾರೆ. ಇಂಥ ಪ್ರಯೋಗವನ್ನು ಹಿಂದಕ್ಕೆ ಹೋಗಿ ಮತ್ತೆ ಮಾಡಲು ಬರುವುದಿಲ್ಲ.

ಹೋದ ವರ್ಷ ಕಂಪನಿ ಹಣ್ಣು ಮಾಗಿಸುವ ಒಂದು ಶೀತಲ ಕೋಣೆಯನ್ನು ಕಟ್ಟಿಸಿತು. ಅದರ ಉಸ್ತುವಾರಿ ರೇವಣ ಎಂಬ ಊರಿನ ತರುಣನದು. ಕೆಂಪು ಬಾಳೆ ಕಾಯಿದ್ದಾಗಲೂ ಕೆಂಪೇ; ಆದ್ದರಿಂದ ಕಮಲಾಪುರದ ಮನೆಗಳಲ್ಲಿ ಬಣ್ಣವನ್ನು ಯಾರೂ ನಂಬುವುದಿಲ್ಲ. ಹುಲ್ಲಿನಲ್ಲಿ ಮುಚ್ಚಿಟ್ಟ ಗೊನೆ ಮಾಗಿತೆಂದು ಮೂಗು ಹೇಳಬೇಕು. ರೇವಣ ಶೀತಲ ಕೋಣೆಯಲ್ಲೂ ಪರಿಮಳಕ್ಕಾಗಿ ಕಾದ. ಪರಿಮಳ ಬರಲಿಲ್ಲ, ಅವನು ಮತ್ತೂ ಕಾದ. ಹೈದರಾಬಾದಿಗೆ ಹೊರಟ ಹಣ್ಣು ದಾರಿಯಲ್ಲೇ ಮೆತ್ತಗಾಗಿ, ಕೊಳೆತು ಹಿಂದಕ್ಕೆ ಬಂತು.

ನಿರ್ದೇಶಕರ ಸಭೆಗೆ ಕಾರಣ ವಿವರಿಸಲೆಂದು ಚಂದ್ರಶಾ ನನ್ನನ್ನೂ ಕರೆದೊಯ್ದರು. ಚಳಿಯಲ್ಲಿ ವಾಸನೆ ಸರಿಯಾಗಿ ಹೊಮ್ಮುವುದಿಲ್ಲವೆಂದು ನಾನು ಬಿಡಿಸಿ ಹೇಳಿದೆ. ಕಾರಣ ಸ್ಪಷ್ಟವಾಯಿತು, ಕಾರಣದ ಜೊತೆ ರೇವಣನೂ ಸ್ಪಷ್ಟವಾದ. ಅವನನ್ನು ತೆಗೆದುಹಾಕಬೇಕೆಂಬ ಮಾತು ಮೇಜಿನ ಸುತ್ತ ಹಬ್ಬಿತು. ಮನೆಗೆ ಅವನೊಬ್ಬನದೇ ದುಡಿಮೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗ ಚಂದ್ರಶಾ ಎದ್ದರು, ಕೋಟಿನ ಗುಂಡಿ ಸರಿಪಡಿಸಿಕೊಂಡರು, ಕೋಣೆಯ ಹೊಣೆ ತಮ್ಮದೆಂದೂ ತಾವೇ ಕೆಲಸ ಬಿಡುವುದಾಗಿಯೂ ಹೇಳಿ, ಟಿ.ವಿ.ಯಲ್ಲಿ ನಾವು ಎಷ್ಟೋ ಸಲ ನೋಡಿದ್ದಂತೆ ಸೊಂಟದಿಂದ ಬಾಗಿ, ತಲೆ ತಗ್ಗಿಸಿ ಹಾಗೇ ನಿಂತುಬಿಟ್ಟರು.

ಜಪಾನಿನಲ್ಲಾಗಿದ್ದರೆ ಆ ಸಭೆ ಗದ್ಗದವಾಗುತ್ತಿತ್ತೋ ಏನೋ. ಇಲ್ಲಿ ನಿರ್ದೇಶಕರು ಗಾಬರಿಯಾದರು. ಸೊಂಟ ಹಿಡಿಯಿತೆಂದು ತಿಳಿದು ಒಬ್ಬರು ಕುರ್ಚಿ ಎಳೆದುಕೊಟ್ಟರು. ಅಧ್ಯಕ್ಷೆ ಶಂಕ್ರಮ್ಮ ಮಾತ್ರ ಕುಳಿತಲ್ಲಿಂದ ಕದಲಲಿಲ್ಲ.

“ಬೆನ್ನ ನೆಟ್ಟಗ ಮಾಡಪ್ಪಾ ತಮ್ಮ. ನೀ ಬಿಟ್ಟು ಹೋದ್ರ ನಾಳಿಗಿ ನಾವು ಯಾರಿಗಿ ಬೈಬೇಕು? ಯಾರ್ಯಾರ ಬಾಳಿ ಕೊಳತಾವೋ ಅವರವರ ಮನಿಗಿ ಹೋಗಿ ಹೇಳು. ಕುಂದ್ರಸಿ ಚಾ ಕೊಟ್ರ ಮಾತು ಮುಗೀತು.”

ಎಲ್ಲ ಮನೆಗಳೂ ಚಹಾ ಕೊಟ್ಟರೆ ರೇವಣನನ್ನು ತೆಗೆಯುವ ಮಾತನ್ನು ಯಾರೂ ಎತ್ತಬಾರದೆಂದು ಆಕೆಯೇ ಗೊತ್ತುಮಾಡಿದರು. ಚಂದ್ರಶಾ ಕೋಟು ಕಳಚಿ ಕುರ್ಚಿಗೆ ಹಾಕಿ ಹೊರಟರು. ನಾನು ಹಿಂದೆ ಹಿಂದೆ. ಬಯ್ಗುಳದ ಜೊತೆ ಚಹಾ ಬಂತು, ಬಯ್ಗುಳ ಮುಗಿದಮೇಲೆ ಚಹಾ ಬಂತು, ಒಂದು ಮನೆಯಲ್ಲಿ ಚಹಾದ ಹಿಂದೆಯೇ ಮಂಡಕ್ಕಿ ಒಗ್ಗರಣೆಯೂ ಬಂತು. ಕೊನೆಯದು ಎಲ್ಲರಿಗಿಂತ ಒಳ್ಳೆಯ ಬಾಳೆ ಬೆಳೆಯುವ ಮಲ್ಲಣ್ಣನ ಮನೆ. ಅಲ್ಲಿ ನೀರು ಬೇಕೇ ಎಂದೂ ಕೇಳಲಿಲ್ಲ.

“ರೇವಣನ ತೆಗೀತೀನಿ ಅನ್ರಿ ಮ್ಯಾನೇಜರ್ ಸಾಹೇಬ್ರ, ಈಗೇ ಚಾ ಇಡಸ್ತೀನಿ.”

“ವಾಸನಿ ಬಂದ್‌ಮ್ಯಾಲೇ ಬಾಗಲ ತೆಗಿ ಅಂತ ನಾನೇ ಅವಗ ಹೇಳಿದ್ದು ರೀ,” ಎಂದರು ಚಂದ್ರಶಾ. ಅದು ನಿಜವೋ ಎಂದು ನಾನು ಇಂದಿಗೂ ಕೇಳಿಲ್ಲ.

“ಹಂಗಾದ್ರ ನಮ್ಮ ಬಾಳಿ ನಿಮ್ಮ ಖೋಲಿಗಿ ಬರಂಗಿಲ್ಲ. ಹೋಗಿ ಬರ್ರಿ.”

ಹಾಗೆಯೇ ಆಯಿತು. ಮಲ್ಲಣ್ಣನ ಬಾಳೆ ಈಗ ಅವನ ಗಾಡಿಯಲ್ಲೇ ಕಲಬುರಗಿಯ ಮಾರುಕಟ್ಟೆಗೆ ಹೋಗುತ್ತದೆ. ಅವನು ಕಂಪನಿಯನ್ನೇ ಬಿಟ್ಟಮೇಲೆ ಅವನ ಮನೆಯ ಚಹಾ ಲೆಕ್ಕಕ್ಕಿಲ್ಲವೆಂದು ಶಂಕ್ರಮ್ಮ ತೀರ್ಪು ಕೊಟ್ಟದ್ದರಿಂದ ರೇವಣ ಉಳಿದ. ಈಗ ಮೂಗಿನ ಬದಲು ಹೆಬ್ಬೆರಳಿನಿಂದ ಒತ್ತಿ ನೋಡಿ ಬಾಗಿಲು ತೆರೆಯುತ್ತಾನೆ. ನಷ್ಟವನ್ನು ಜನ ಚಂದ್ರಶಾ ಅವರ ಹೆಸರಿಗೇ ಹಚ್ಚಿ ಮಾತಾಡುತ್ತಾರೆ. ಅವರು ತಿದ್ದುವುದಿಲ್ಲ.

ನಿಮ್ಮ ಧಾರಾವಾಹಿಯವರು ಕಲಿಸಿದ್ದು ಇಲ್ಲಿ ನಡೆಯಲಿಲ್ಲವಲ್ಲ ಎಂದು ಒಂದು ಭಾನುವಾರ ಕೆಣಕಿದೆ.

“ಅಲ್ಲಿ ತಲಿ ಬಗ್ಗಿಸಿದ ಕೂಡ್ಲೇ ಹಾಡು ಬರ್ತದರಿ, ಕಥಿ ಮುಗೀತು,” ಎಂದರು. “ಮರುದಿನ ಆಫೀಸಿನ ಬಾಗಲ ಯಾರು ತೆಗದ್ರು ಅಂತ ತೋರ್ಸಂಗಿಲ್ಲ.” ಹಾಗೆಂದು ಮುಂದಿನ ಕಂತನ್ನು ಹಚ್ಚಿದರು.

ಪ್ರತಿಯೊಂದು ಕಂಪನಿಯಲ್ಲೂ, ಕಚೇರಿಯಲ್ಲೂ, ಸಂಘದಲ್ಲೂ ಈ ಜಾತಿಯ ಮನುಷ್ಯರು ಒಬ್ಬಿಬ್ಬರಾದರೂ ಇರುತ್ತಾರೆ. ಕಥೆಗಾರರು ಇವರನ್ನು ಒಂದು ಉಜ್ವಲ ಕ್ಷಣದಲ್ಲಿ ಹಿಡಿಯಲು ಹವಣಿಸುತ್ತಾರೆ, ಇವರೂ ಆ ಕ್ಷಣಕ್ಕೆ ಮರುಳಾಗುತ್ತಾರೆ. ಆದರೆ ಇವರ ಧೈರ್ಯಕ್ಕೆ ಶಿಖರವೆಂಬುದಿಲ್ಲ, ಅದು ಬಯಲಿನಂತೆ ಹರಡಿಕೊಂಡಿರುವುದರಿಂದ ಯಾವ ಮಾಪಕಕ್ಕೂ ಸಿಕ್ಕುವುದಿಲ್ಲ. ತಪ್ಪು ಘಟಿಸಿದ ಜಾಗಕ್ಕೇ ಮರುದಿನ ಹೋಗಿ, ಅದೇ ಕುರ್ಚಿಯಲ್ಲಿ ಕುಳಿತು, ಬಯ್ಯಬೇಕಾದವರು ಬರಲೆಂದು ಬಾಗಿಲನ್ನು ತೆರೆದಿಡುವುದಷ್ಟೇ ಇವರು ಮಾಡುವ ಕೆಲಸ.