ತುಟಿಯಿಲ್ಲದವನ ಮಾತು

ಈ ಸಲ ಸ್ಫೋಟವೇ ಇಲ್ಲ.

ಚಲುವರಾಜು ದೃಶ್ಯವನ್ನು ಇನ್ನೊಮ್ಮೆ ಹಾಕಲು ಹೇಳಿದ. ಸೌಂಡ್ ಎಂಜಿನಿಯರ್ ಅಭಿಲಾಷ ಹಾಕಿದ. ಪರದೆ ಪೂರ್ತಿ ಕಪ್ಪು, ನಡುವೆ ದುಂಡನೆಯ ಒಂದು ಕಿಂಡಿ, ಕಿಂಡಿಯಲ್ಲಿ ಕೆಲ್ವಾನ ಮುಖ. ಕಥೆ ಸೋರಿಹೋಗದಿರಲೆಂದು ಸಿನಿಮಾದವರು ಡಬ್ಬಿಂಗಿಗೆ ಕಳಿಸುವ ಪ್ರತಿಯಲ್ಲಿ ಮಾತಾಡುವ ಪಾತ್ರದ ಮುಖವೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಮಸಿ ಬಳಿದಿರುತ್ತಾರೆ. ಈ ಸರಣಿಯ ಹಿಂದಿನ ಮೂರು ಭಾಗಗಳಿಗೆ ಕನ್ನಡ ಸಂಭಾಷಣೆ ಬರೆದ ಚಲುವರಾಜು ಅವುಗಳಲ್ಲಿ ಗ್ರಹಗಳು ಉರಿಯುವುದನ್ನು ನೋಡಿದ್ದು ಥಿಯೇಟರಿನಲ್ಲೇ, ಟಿಕೆಟ್ ಕೊಂಡು.

ಕೆಲ್ವಾ ಒಬ್ಬ ರೋಬೋ. ಈ ನಾಲ್ಕನೆಯ ಭಾಗದ ಕೊನೆಗೆ ಸಾಯುತ್ತಾನೆ. ಸಾಯುವ ಮೊದಲು ನಾಯಕಿಯತ್ತ ತಿರುಗಿ 'ಪವರ್ ಲೋ' ಅನ್ನುತ್ತಾನೆ. ಆಮೇಲೆ ಒಂದು ವಾಕ್ಯ ಹಿಡಿಸುವಷ್ಟು ಹೊತ್ತು ಸುಮ್ಮನೆ ನೋಡುತ್ತಾನೆ. ಗುಂಡಿನ ಸದ್ದಿಲ್ಲ, ಬೆಂಕಿಯ ಸದ್ದಿಲ್ಲ, ಸಂಗೀತವೂ ಇಲ್ಲ. ಕಣ್ಣಿನ ದೀಪ ಆರುತ್ತದೆ.

ಕೆಲ್ವಾನಿಗೆ ತುಟಿಗಳಿಲ್ಲ. ಚಲುವರಾಜುವಿನ ಮರ್ಯಾದೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ತುಟಿ ಇರುವವರಿಗೆ ಮಾತು ಬರೆಯುವುದು ಬರೀ ಗುಮಾಸ್ತಗಿರಿ. ಇಂಗ್ಲಿಷಿನವನ ಬಾಯಿ ಮುಚ್ಚಿದಲ್ಲಿ ಪಕಾರವೋ ಮಕಾರವೋ ಬರಬೇಕು, ತೆರೆದಲ್ಲಿ ಆಕಾರ ಬರಬೇಕು. ಪ್ರೀತಿ, ಕ್ರಾಂತಿ, ವೈರಾಗ್ಯ ಎಲ್ಲ ಆ ಅಳತೆಯೊಳಗೇ. ಆದರೆ ತಗಡಿನ ಮುಖದ ಕೆಲ್ವಾ ಎಲ್ಲಿ ಶುರು ಮಾಡಿದ, ಎಲ್ಲಿ ಮುಗಿಸಿದ ಎಂದು ಹೇಳುವವರಾರು? ಮೊದಲ ಭಾಗದಲ್ಲಿ ಅವನು 'ಟಾರ್ಗೆಟ್ ಮಿಸ್ಡ್' ಎಂದು ಒದರಿದಲ್ಲಿ ಚಲುವರಾಜು ಹೀಗೆ ಬರೆದ: 'ಗುರಿ ತಪ್ಪಿದರೆ ಮತ್ತೆ ಹೊಡೆಯಬಹುದು. ಗುರಿಯೇ ತಪ್ಪಾಗಿದ್ದರೆ?' ಯಾರೂ ಕೇಳಲಿಲ್ಲ. ಎರಡನೆಯ ಭಾಗದಲ್ಲಿ ಧೈರ್ಯ ಬಂತು. ಎಂಜಿನ್ ಕೆಟ್ಟಿತು ಎಂಬ ಸರಳ ಸುದ್ದಿಯ ಬದಲು ಕೆಲ್ವಾ, 'ಎಂಜಿನ್ ನಿಂತಿತು. ಓಡುವಾಗ ಕೇಳಿಸದ್ದು ಈಗ ಕೇಳಿಸುತ್ತಿದೆ' ಎಂದ. ಜನ ಶಿಳ್ಳೆ ಹೊಡೆದರು.

ಇಂಗ್ಲಿಷಿನಲ್ಲಿ ಬರೀ ಹೊಡೆದಾಟ, ಕನ್ನಡದಲ್ಲಿ ತಲೆಯೂ ಇದೆ ಎಂದು ಯಾರೋ ವಿಡಿಯೊ ಮಾಡಿ ಹಾಕಿದರು. ವೈಜ್ಞಾನಿಕ ಸಿನಿಮಾ ಸರಣಿಗಳಲ್ಲಿ ಸಾಹಸಕ್ಕೂ ವಿಚಾರಕ್ಕೂ ಇರಬೇಕಾದ ಸಮತೋಲದ ಬಗ್ಗೆ ತುಮಕೂರಿನ ಕಾಲೇಜೊಂದು ವೆಬಿನಾರನ್ನೇ ನಡೆಸಿತು. ಚಲುವರಾಜು ಬೇರೆ ಹೆಸರಿನಲ್ಲಿ ಸೇರಿಕೊಂಡು ಕೇಳಿದ. ಭಾಷಣಕಾರರು ಅವನ ವಾಕ್ಯಗಳನ್ನು ಒಂದೊಂದಾಗಿ ಓದಿ, ಹೊಗಳಿ, ಕೀರ್ತಿಯನ್ನೆಲ್ಲ ಅಮೆರಿಕದ ನಿರ್ದೇಶಕನಿಗೆ ಕೊಟ್ಟರು.

ಮೈಸೂರಿನಲ್ಲಿ ತತ್ವಶಾಸ್ತ್ರ ಎಂ.ಎ. ಮುಗಿಸಿದ್ದ ಚಲುವರಾಜು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬಳಸುವವರಿಗೆ ಕೈಪಿಡಿ ಬರೆಯುತ್ತಾನೆ. 'ಮುಂದುವರಿಯಲು ಇಲ್ಲಿ ಒತ್ತಿ.' ವಾರವಿಡೀ ಅದೇ. ಅಲ್ಲಿ ಯಾರೂ ಅವನ ಅಭಿಪ್ರಾಯ ಕೇಳುವುದಿಲ್ಲ. ಕೇಳಿದ್ದರೆ ಹೇಳಲು ಬೇಕಾದಷ್ಟಿತ್ತು ಎಂದು ಅವನ ಗಟ್ಟಿ ನಂಬಿಕೆ. ಹಾಗಾಗಿ ಬಿಡುವಿನ ಶನಿವಾರಗಳಂದು ಅದೇ ಊರಿನ ಕೊಂಢವಾ ಬಡಾವಣೆಯ ಈ ಫ್ಲ್ಯಾಟಿಗೆ ಬರುತ್ತಾನೆ. ಹಾಲಿನಲ್ಲಿ ಅಭಿಲಾಷನ ಕಂಪ್ಯೂಟರು. ಮಲಗುವ ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿ ನಡುವೆ ಮೈಕು ನಿಲ್ಲಿಸಿದ್ದಾರೆ. ಎರಡರ ನಡುವೆ ಗಾಜು. ಮೇಲಿನ ಮನೆಯಲ್ಲಿ ಟೈಲ್ಸ್ ಕೊಯ್ಯುವವರು ಚಹಾಕ್ಕೆ ಹೋದಾಗ ರೆಕಾರ್ಡಿಂಗ್.

ಮೂರನೆಯ ಭಾಗವನ್ನು ಅವನು ಹೆಂಡತಿಯೊಡನೆ ನೋಡಿದ್ದ. ಇಂದೂ ಧಾರವಾಡ ಮೂಲದವಳು, ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ, ಮಾತು ಅಂದರೆ ಪ್ರಾಣ. ಹೊಡೆದಾಟ ಬಂದಾಗ ಪಾಪ್‌ಕಾರ್ನ್ ತಿನ್ನುವುದನ್ನು ಮರೆಯುತ್ತಿದ್ದಳು, ಕೆಲ್ವಾ ಬಾಯಿಬಿಟ್ಟಾಗ ತಿನ್ನುತ್ತಿದ್ದಳು. ಒಂದು ಸಲ ಮಾತ್ರ ಕತ್ತಲೆಯಲ್ಲಿ ಅವನತ್ತ ತಿರುಗಿದಳು.

"ಇದನ್ನೆಲ್ಲ ಮನ್ಯಾಗ ಯಾಕ ಮಾತಾಡಂಗಿಲ್ರಿ ನೀವು?"

"ಅದು ಅವನ ಡೈಲಾಗು ಕಣೆ," ಎಂದು ಚಲುವರಾಜು ಪರದೆಯ ಕಡೆ ಕೈ ತೋರಿಸಿದ.

ಈಗ ಆ ಕೆಲ್ವಾನೂ ಸಾಯುತ್ತಿದ್ದಾನೆ. ಬೆಳಿಗ್ಗೆ ಮುಂಬಯಿಯಿಂದ ಯಶ್ಮಿತಾ ಫೋನ್ ಮಾಡಿದ್ದಳು. ಡಬ್ಬಿಂಗ್ ಮೇಲ್ವಿಚಾರಣೆಗೆ ಹೊಸದಾಗಿ ಬಂದ ಉಡುಪಿಯ ಹುಡುಗಿ. ಕನ್ನಡದ ಪ್ರತಿ ಸಾಲನ್ನೂ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ತಾಳೆ ನೋಡಬೇಕೆಂಬ ನಿಯಮ ಬಂದಿದೆ ಎಂದಳು. ಚಲುವರಾಜು ಕುರ್ಚಿಯ ಕೈ ಹಿಡಿದುಕೊಂಡ. ಹಳೆಯ ಮೂರು ಭಾಗಗಳನ್ನೂ ತಾಳೆ ನೋಡಿಬಿಟ್ಟೆ ಎಂದು ಅವಳು ನಕ್ಕಳು. ಬೈಗುಳ ಬರಲಿಲ್ಲ. ಅವಳು ಆ ವಾಕ್ಯಗಳನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದಳಂತೆ, ಹಾಸ್ಟೆಲಿನ ಗೋಡೆಗೆ ಬರೆದು ಬೈಸಿಕೊಂಡಿದ್ದಳಂತೆ. ಇನ್ನು ಮುಂದೆ ಹೀಗೆ ನಡೆಯುವುದಿಲ್ಲ, ಮುಂದಿನ ಭಾಗದಲ್ಲಿ ಕೆಲ್ವಾನೂ ಇಲ್ಲ. ಆದರೆ 'ಪವರ್ ಲೋ' ಆದಮೇಲಿನ ಆ ಖಾಲಿ ಜಾಗದಲ್ಲಿ ಒಂದು ಸಾಲು ಸೇರಿಸಲು ಅವಳು ಮೇಲಿನವರಿಂದ ಒಪ್ಪಿಗೆ ತೆಗೆದುಕೊಂಡಿದ್ದಳು.

"ಅದೊಂದು ಸಾಲು ನಿಮ್ದೇ ಸರ್. ಕದ್ದು ಬರೀಬೇಕಂತ ಇಲ್ಲ. ನಿಮಗೆ ಏನು ಹೇಳ್ಬೇಕಂತ ಉಂಟೋ ಅದನ್ನು ಹೇಳಿ. ಸಂಜೆಗೆ ಫೈಲ್ ಕಳಿಸಿದ್ರೆ ಸಾಕು."

ಚಲುವರಾಜುವಿಗೆ ಕಣ್ಣು ಮಂಜಾಯಿತು. ಅವಳು ಫೋನ್ ಇಡುವ ಮೊದಲು ಇನ್ನೊಂದು ಕೇಳಿದಳು.

"ಗುರಿಯೇ ತಪ್ಪಾಗಿದ್ರೆ ಅಂತ ಬರ್ದಿದ್ರಲ್ಲ. ಆಮೇಲೆ ಏನು ಮಾಡ್ಬೇಕು?"

"ಅದನ್ನ... ಓಪನ್ ಆಗಿ ಬಿಟ್ಟಿದ್ದೆ."

"ಹೌದಾ? ಅಲ್ಲ, ಹಳೇ ಕೆಲಸ ಬಿಡುವಾಗ ನಾನು ಅದನ್ನೇ ಯೋಚಿಸ್ತಾ ಇದ್ದೆ. ಬರೆದವ್ರಿಗೆ ಗೊತ್ತಿರ್ತದೆ ಅಂತ."

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ಅವನಿಗೆ ನೆನಪಾಯಿತು: 'ಗುರಿಯೇ ತಪ್ಪಾಗಿದ್ದರೆ?' ಎಂದ ಮರುಕ್ಷಣ ಆ ಸಿನಿಮಾದಲ್ಲಿ ಒಂದು ಇಡೀ ಬಂದರು ಸಿಡಿಯುತ್ತದೆ. ಎಂಜಿನ್ ನಿಂತ ಮಾತಿನ ಬೆನ್ನಿಗೆ ಶತ್ರುನೌಕೆ ಬಂದು ಗುದ್ದುತ್ತದೆ. ಅವನ ಪ್ರತಿಯೊಂದು ಆಲೋಚನೆಯೂ ಅರ್ಧಕ್ಕೆ ಬಂದು ನಿಂತಾಗ ಯಾರೋ ಪುಣ್ಯಾತ್ಮರು ಬಾಂಬು ಹಾಕಿದ್ದರು. ಧೂಳು ಇಳಿಯುವಷ್ಟರಲ್ಲಿ ಆ ಆಲೋಚನೆಗೆ ಉಳಿದರ್ಧ ಇತ್ತೇ ಎಂದು ಕೇಳುವ ವ್ಯವಧಾನ ಯಾರಿಗೂ ಇರುತ್ತಿರಲಿಲ್ಲ. ಅವನಿಗೂ ಇರಲಿಲ್ಲ.

ದೇವದಾಸ್ ಬಂದರು. ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಅವರದೊಂದು ಹೋಟೆಲು, ಊರು ಕುಂದಾಪುರದ ಕಡೆ, ಕೆಲ್ವಾನ ಕನ್ನಡ ದನಿ ಅವರದೇ. ಖಾಲಿ ಹಂಡೆಯೊಳಗಿಂದ ಬಂದ ಹಾಗಿರುವ ಆ ದನಿಗೆ ಹೋಟೆಲಿನ ಹುಡುಗರೂ ಹೆದರುತ್ತಾರೆ, ಸಿನಿಮಾದ ರಾಕ್ಷಸರೂ ಹೆದರುತ್ತಾರೆ. ಹೊಡೆದಾಟದ ಹೂಂಕಾರಗಳನ್ನೆಲ್ಲ ಬೇಗಬೇಗ ಮುಗಿಸಿ, ಮಧ್ಯಾಹ್ನದ ಊಟದ ಗಿರಾಕಿಗಳ ಚಿಂತೆಯಲ್ಲಿ ಕೊನೆಯ ಸಾಲಿಗೆ ಕಾದು ಕೂತರು.

ಚಲುವರಾಜು ಬರೆದುಕೊಟ್ಟ: 'ನಾನಿದ್ದೆ ಎಂಬುದಕ್ಕೆ ನೀನೇ ಗುರುತು.' ದೇವದಾಸ್ ಹೇಳಿದರು. ವಿಮೆಯ ಜಾಹೀರಾತಿನಂತೆ ಕೇಳಿಸಿತು. ಅಳಿಸಿ ಇನ್ನೊಂದು ಕೊಟ್ಟ: 'ಕತ್ತಲೆಯೂ ಒಂದು ಬೆಳಕೇ.' ದೇವದಾಸ್ ಅದನ್ನೂ ಹೇಳಿ, ಗಾಜಿನಾಚೆಯಿಂದ ಕುತೂಹಲದಿಂದ ಕೇಳಿದರು.

"ಅದು ಹೇಗೆ ಮಾರಾಯ್ರೆ?"

"ಹೇಗೆ ಅಂದ್ರೆ?"

"ಅಲ್ಲ, ಹೇಳ್ಲಿಕ್ಕೆ ಚಂದ ಉಂಟು. ಅರ್ಥ ಗೊತ್ತಾದ್ರೆ ಭಾವ ಕೊಡ್ಬಹುದಿತ್ತು ಅಂತ."

ಚಲುವರಾಜು ಅದನ್ನೂ ಅಳಿಸಿದ. ಮೂರನೆಯದು ಅಳಿಸುವುದಕ್ಕೂ ಹುಟ್ಟಲಿಲ್ಲ. ದೇವದಾಸ್ ಗಡಿಯಾರ ನೋಡಿದರು. ಒಂದು ಸಾಲು ತಾನೇ, ನೀವೇ ಹೇಳಿ, ಅಭಿಲಾಷ ನಿಮ್ಮ ದನಿಯನ್ನು ದಪ್ಪ ಮಾಡಿ ನನ್ನದಕ್ಕೆ ಹೊಂದಿಸುತ್ತಾನೆ ಎಂದು ಸಮಾಧಾನ ಹೇಳಿ, ಸ್ಕೂಟರ್ ಹತ್ತಿ ಹೊರಟುಹೋದರು.

ಊಟಕ್ಕೆಂದು ಹೊರಬಿದ್ದ ಚಲುವರಾಜು ವಡಾಪಾವಿನ ಗಾಡಿಯ ಬಳಿ ನಿಂತು ಇಂದೂಗೆ ಫೋನ್ ಮಾಡಿದ. ರೋಬೋ ಸತ್ತನೇನು ಎಂದು ಅವಳು ಮೊದಲು ಕೇಳಿದಳು. ಇನ್ನೂ ಇಲ್ಲ, ಎಂದ.

"ಒಂದು ಕೇಳ್ತೀನಿ, ನಗ್ಬೇಡ. ನಾನು ನಿಂಗೆ ಒಂದೇ ಒಂದು ಮಾತು ಹೇಳ್ಬೋದು ಅಂದ್ರೆ, ಏನ್ ಹೇಳ್ತೀನಿ ಅನ್ಸುತ್ತೆ?"

ಇಂದೂ ಇಷ್ಟು ಹೊತ್ತು ಸುಮ್ಮನಿದ್ದದ್ದು ಅವನಿಗೆ ನೆನಪಿಲ್ಲ.

"ನಂಗೇನು ಗೊತ್ರಿ," ಎಂದಳು ಕೊನೆಗೆ, ಮೆಲ್ಲಗೆ. "ನೀವ ಹೇಳ್ರಿ. ನಾ ಕೇಳ್ತೀನಿ."

ಅವಳು ನಿಜಕ್ಕೂ ಕಾಯುತ್ತಿದ್ದಳು. ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು ಹಿಡಿದು, ತಲೆ ಸ್ವಲ್ಪ ವಾಲಿಸಿ ಕಾಯುತ್ತಿರುವ ಅವಳು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಳು. ಅವಳ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಭಯವೂ ಬಂತು. ಅಷ್ಟರಲ್ಲಿ ಅವಳ ಅಡುಗೆಮನೆಯಲ್ಲಿ ಕುಕ್ಕರ್ ಜೋರಾಗಿ ಕೂಗಿತು.

"ಕುಕ್ಕರ್ ಕೂಗ್ತಿದೆ, ನೋಡು," ಎಂದು ಚಲುವರಾಜು ಫೋನ್ ಇಟ್ಟ. ಎದೆ ಹಗುರಾಯಿತು. ಏಕೆ ಹಗುರಾಯಿತು ಎಂದು ಹೊಳೆದ ಮೇಲೆ ವಡಾಪಾವ್ ಸೇರಲಿಲ್ಲ.

ಸಂಜೆ ಮೇಲಿನ ಮನೆಯವರು ಟೈಲ್ಸ್ ಯಂತ್ರ ನಿಲ್ಲಿಸಿ ಹೋದರು. ಚಲುವರಾಜು ಸ್ಪಂಜಿನ ಕೋಣೆಯೊಳಗೆ ಹೋಗಿ ಕೂತ. ಇಷ್ಟು ವರ್ಷಗಳಲ್ಲಿ ಮೈಕಿನ ಮುಂದೆ ಕೂತದ್ದು ಇದೇ ಮೊದಲು. ಅಭಿಲಾಷ ಕೆಂಪು ದೀಪ ಹಾಕಿದ. ಚಲುವರಾಜು ಬಾಯಿ ತೆರೆದ, ಮುಚ್ಚಿದ. ಅಭಿಲಾಷ ತಾಳ್ಮೆಯಿಂದ ಮತ್ತೆ ಹಾಕಿದ, ಮತ್ತೆ ಮತ್ತೆ ಹಾಕಿದ. ಕೆಲ್ವಾ ಪ್ರತಿ ಸಲವೂ ಅವನತ್ತ ತಿರುಗಿ ಅಷ್ಟೇ ವಿಧೇಯತೆಯಿಂದ ಕಾದು ಸತ್ತ.

ಒಳಗೆ ಮಾತು ತುಂಬಿಕೊಂಡಿದೆ, ಆಡಲು ಬಿಡುವವರಿಲ್ಲ, ಎಂದು ಅವನು ನಂಬಿ ಬದುಕಿದ್ದ. ಈಗ ಎಲ್ಲರೂ ಬಿಟ್ಟಿದ್ದರು. ಮುಂಬಯಿ ಬಿಟ್ಟಿತ್ತು, ಅಮೆರಿಕ ಬಿಟ್ಟಿತ್ತು, ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಬಾಗಿಲು ತೆರೆದು ಕರೆದರೆ ಒಳಗಿನಿಂದ ಯಾರೂ ಬರಲಿಲ್ಲ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ದಿಗಿಲಾಯಿತು.

ಯಶ್ಮಿತಾಳ ಫೋನ್ ಬಂತು.

"ಏನೂ ಬೇಡ," ಎಂದ ಚಲುವರಾಜು. "ಖಾಲಿ ಬಿಟ್ಬಿಡಿ."

ಅವಳ ದನಿ ಏರಿತು. "ಸರ್, ಇದು ಸೂಪರ್. ಇಡೀ ಸಿನಿಮಾ ಗಲಾಟೆ, ಕೊನೆಗೆ ಮೌನ. ಬ್ಯಾಲೆನ್ಸ್ ಅಂದ್ರೆ ಇದೇ. ನಿಮಗಲ್ಲದೆ ಬೇರೆ ಯಾರಿಗೂ ಇದು ಹೊಳೀತಿರ್ಲಿಲ್ಲ."

ಹಾಗಲ್ಲ ಎಂದು ಹೇಳಬೇಕಿತ್ತು. "ಥ್ಯಾಂಕ್ಸ್," ಎಂದ.

ಎದ್ದು ಹೊರಡಲಿದ್ದವನನ್ನು ಅಭಿಲಾಷ ತಡೆದ. ಅವನು ಕಲಬುರಗಿಯವರ ಮಗ, ಕೆಲಸದಲ್ಲಿ ಭಾರಿ ಶಿಸ್ತು. "ಹಂಗ ಬರೇ ಖಾಲಿ ಬಿಟ್ರ ಸ್ಪೀಕರ್ ಕೆಟ್ಟದ ಅಂತಾರ್ರಿ ಮಂದಿ. ಈ ಖೋಲಿದ ಮೌನಾನ ರೆಕಾರ್ಡ್ ಮಾಡಿ ಅಲ್ಲಿ ಹಾಕ್ಬೇಕು. ಹಂಗ ಕೂಡ್ರಿ, ಅಲುಗಾಡಬ್ಯಾಡ್ರಿ."

ಚಲುವರಾಜು ಕೂತ. ಯೋಚಿಸಿದರೆ ಇದೂ ಕಡಿಮೆಯದಲ್ಲ ಅನ್ನಿಸಿತು. ಬೀದರಿನಿಂದ ಚಾಮರಾಜನಗರದವರೆಗೆ ಕತ್ತಲೆಯಲ್ಲಿ ಕೂತ ಜನ ಅವನ ಮೌನ ಕೇಳುತ್ತಾರೆ. ಮಾತು ಅಲ್ಲದಿದ್ದರೆ ಬೇಡ, ಮೌನವಾದರೂ ಅವನದು. ಬೆನ್ನು ನೆಟ್ಟಗೆ ಮಾಡಿಕೊಂಡ.

ಗಾಜಿನಾಚೆ ಅಭಿಲಾಷ ಹುಬ್ಬು ಗಂಟಿಕ್ಕಿದ. ಏನೋ ಸದ್ದು ಬರುತ್ತಿದೆ ಎಂದ. ಫ್ಯಾನು ಆರಿಸಿದರು. ಫೋನು ಆರಿಸಿದರು. ಕೈಗಡಿಯಾರ ಬಿಚ್ಚಿಸಿದರು. ಆದರೂ ಬರುತ್ತಿತ್ತು.

"ನಿಮ್ಮ ಉಸಿರು, ಸರ್."

ಚಲುವರಾಜು ಉಸಿರು ಕಟ್ಟಿ ಕೂತ. ಅಭಿಲಾಷ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಕೇಳಿ, ಸಂಕೋಚದಿಂದ ತಲೆಯಾಡಿಸಿದ.

"ಆದ್ರೂ ಏನೋ ಅದ. ಸಿಟ್ಟಾಗಬ್ಯಾಡ್ರಿ ಸರ್, ಒಂದು ಮಿನಿಟ ನೀವು ಹೊರಗ ಬರ್ತೀರೇನ್ರಿ?"

ಚಲುವರಾಜು ಎದ್ದು ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಅಭಿಲಾಷನ ಹಿಂದೆ ನಿಂತ. ಕೆಂಪು ದೀಪ ಹತ್ತಿತು. ಗಾಜಿನಾಚೆ ಖಾಲಿ ಕುರ್ಚಿ, ಅದರ ಮುಂದೆ ಬಾಗಿದ ಮೈಕು. ಅಭಿಲಾಷ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೊನೆಯ ಸಾಲನ್ನು ಕುರ್ಚಿ ಚೆನ್ನಾಗಿಯೇ ಹೇಳುತ್ತಿರಬೇಕು. ಅಭಿಲಾಷ ಮೆಚ್ಚಿ ತಲೆದೂಗಿದ.