ಹೊಸನೀರಿಗೆ ಬಿಳಿ

"ಇದನ್ನ ಬಿಳಿ ಅಂತಾರೇನೇ, ಮುಂಡೆ? ಕಣ್ಣಿಗೆ ಪೊರೆ ಬಂದಿದ್ಯಾ ನಿಂಗೆ?"

ಲಾಡ್ಜಿನ ಹಿಂಬಾಗಿಲಲ್ಲಿ ನಿಂತು ಧಣಿ ಹಾಸಿಗೆಯ ಬಟ್ಟೆಯೊಂದನ್ನು ದೊಡ್ಡಕ್ಕನ ಮುಖಕ್ಕೆ ಎಸೆದ. ಒಗೆದ ಬಟ್ಟೆ. ತುಂಬ ಬೂದು ಕಲೆ, ಮೂಗಿಗೆ ಬಡಿಯುವ ಡೀಸೆಲ್ ವಾಸನೆ. ಒಗೆಯುವವರ ಕೇರಿಗೆಲ್ಲ ದೊಡ್ಡಕ್ಕನಾದವಳು ಅದನ್ನು ತಲೆಯ ಮೇಲಿಂದ ತೆಗೆದು, ಕೈಯ ಅಭ್ಯಾಸಕ್ಕೆ ಮಡಚತೊಡಗಿದಳು.

"ಕೆರೆ ನೀರೇ ಹಂಗಾಗಿದೆ ಧಣಿ. ಮೇಲೆ ನಿಮ್ಮ ಲಾರಿ ಯಾರ್ಡಿಂದ..."

"ಮಳೆ ನಾನು ಸುರಿಸಿದ್ನಾ? ಒಗೆಯೋಕೆ ಬರದೆ ಇದ್ರೆ ಬೇರೆ ಕಸುಬು ನೋಡ್ಕೋ. ನಾಳೆಯಿಂದ ಬಟ್ಟೆ ಮಷೀನಿಗೆ ಹೋಗುತ್ತೆ. ನಡಿ, ಮೆಟ್ಟಿಲು ಗಲೀಜಾಗುತ್ತೆ."

ಆ ಲಾಡ್ಜಿನ ಬಟ್ಟೆಯೇ ಕೇರಿಯ ಅನ್ನ.

ಬೇಸಿಗೆಯಲ್ಲಿ ಕೆರೆ ತಳ ಕಂಡು ನೀರು ಗಡುಸಾಗುತ್ತದೆ. ಎಷ್ಟು ತಿಕ್ಕಿದರೂ ಸೋಪು ನೊರೆ ಬಿಡುವುದಿಲ್ಲ. ಅದಕ್ಕೇ ಕೇರಿಯವರು ಹಳದಿಗಟ್ಟಿದ ಬಿಳಿಗಳನ್ನು ಗಂಟು ಕಟ್ಟಿಟ್ಟು ಮೊದಲ ದೊಡ್ಡ ಮಳೆಗೆ ಕಾಯುತ್ತಾರೆ. ಮಾರನೆಯ ದಿನ ನಸುಕಿನಲ್ಲೇ ಎಲ್ಲರೂ ಒಟ್ಟಿಗೆ ನೀರಿಗಿಳಿಯುವುದು. ಅಂದು ಬಣ್ಣದ ಒಂದು ಕರವಸ್ತ್ರವೂ ಕೆರೆಗೆ ಬೀಳುವಂತಿಲ್ಲ. ಹೊಸನೀರಿಗೆ ಬಿಳಿ ಎನ್ನುತ್ತಾರೆ ಅದಕ್ಕೆ. ಹೊಸನೀರನ್ನು ಮೂಸಿ ನೋಡಿ ಇಳಿಯುವ ಪದ್ಧತಿ ಅವರಲ್ಲಿಲ್ಲ. ಈ ಸಲವೂ ಹಾಗೇ ಕತ್ತಲಲ್ಲೇ ಇಳಿದಿದ್ದರು. ಮೊದಲು ಕೆರೆಯ ಮೇಲಿನ ಇಳಿಜಾರಿನ ತುಂಬ ಹುಲ್ಲಿತ್ತು. ಎಂಥ ಮಳೆಯಾದರೂ ಬೇರುಗಳಲ್ಲಿ ತಂಗಿ, ಮಣ್ಣಿನಲ್ಲಿ ಇಂಗಿ, ಸೋಸಿದ ಹಾಗೆ ತಿಳಿಯಾಗಿ ಕೆರೆಗೆ ಬರುತ್ತಿತ್ತು.

ಧಣಿಯ ಲಾರಿ ಯಾರ್ಡಿಗಾಗಿ ಆ ಹುಲ್ಲನ್ನು ಕಿತ್ತವರೂ ಕೇರಿಯವರೇ. ಯಾರ್ಡಿನ ಮೇಸ್ತ್ರಿಯಾಗಿದ್ದ ದೊಡ್ಡಕ್ಕನ ತಮ್ಮ ಮನೆಮನೆಗೆ ಬಂದು ಕೂಲಿಗೆ ಕರೆದಿದ್ದ.

"ಕಾಂಕ್ರೀಟ್ ಬಳಿದ್ರೆ ಮಳೆ ನೀರು ಎಲ್ಲಿಗೆ ಹೋಗುತ್ತೋ?" ಎಂದಿದ್ದಳು ಕೇರಿಯ ಮುದುಕಿ.

"ರಸ್ತೆ ಮೋರಿಗೆ ಅಜ್ಜಿ. ಪೈಪ್ ಹಾಕ್ಸೋನು ನಾನೇ ಅಲ್ವಾ? ನಾನೇನು ಹೊರಗಿನವನಾ?"

ಆ ಮಾತಿಗೆ ದೊಡ್ಡಕ್ಕ ಕೇರಿಗೆಲ್ಲ ಹೊಣೆ ನಿಂತಿದ್ದಳು. ತಾಯಿಯಿಲ್ಲದ ಅವನನ್ನು ಒಗೆಯುವ ಕಲ್ಲಿನ ಪಕ್ಕ ಮಲಗಿಸಿಕೊಂಡು ಸಾಕಿದವಳು ಅವಳು.

ಲಾಡ್ಜಿನಿಂದ ಮರಳಿದಾಗ ಹೆಂಗಸರು ದಂಡೆಯಲ್ಲಿ ಕೂತು ಮೊಣಕೈಗೆ ಹತ್ತಿದ ಜಿಡ್ಡನ್ನು ಬೂದಿಯಿಂದ ಉಜ್ಜುತ್ತಿದ್ದರು.

"ತಲೆಗೆ ಹಚ್ಚೋಕೆ ಎಣ್ಣೆ ಇಲ್ಲ ಅಂತಿದ್ಯಲ್ಲೇ, ಕೆರೆ ತುಂಬ ಕಳ್ಸಿದಾನೆ ನೋಡು ಧಣಿ," ಎಂದಳು ಮುದುಕಿ, ಪಕ್ಕದವಳಿಗೆ. ಯಾರೂ ನಗಲಿಲ್ಲ.

"ಬಟ್ಟೆ ಇನ್ನು ಮಷೀನಿಗಂತೆ," ಎಂದಳು ದೊಡ್ಡಕ್ಕ.

"ನಿನ್ನ ಮುಖ ನೋಡಿ ನಂಬಿದ್ವಿ ಕಣೇ," ಎಂದಿತು ಹಿಂದಿನಿಂದ ಒಂದು ದನಿ.

ಅವಳು ಕೂರಲೇ ಇಲ್ಲ. ಹಾಗೇ ಇಳಿಜಾರು ಹತ್ತಿದಳು. ಯಾರ್ಡಿನ ಗೇಟಿನಲ್ಲೇ ತಮ್ಮ ಸಿಕ್ಕ.

"ಪೈಪ್ ಎಲ್ಲಿಗೆ ತಿರುಗಿಸ್ದೆ?"

"ಅಕ್ಕಾ, ಇಲ್ಲಿ ಬೇಡ."

"ಎಲ್ಲಿಗೋ, ಬೋಳಿಮಗನೇ?"

ಬೈಗುಳ ತನ್ನ ತಾಯಿಗೂ ತಗಲಿತೆಂದು ಹೊಳೆಯಿತು. ತಗಲಲಿ ಎಂದುಕೊಂಡಳು.

"ಮೋರಿ ದೂರ, ಕೆರೆ ಹತ್ರ. ಹಂಗೇ ಹಾಕು ಅಂದ ಧಣಿ. ನಾನಲ್ದೆ ಇದ್ರೆ ಇನ್ನೊಬ್ಬ ಹಾಕ್ತಿದ್ದ."

"ಒಂದು ಮಾತು ಹೇಳಿದ್ರೆ ನಾವು ನೀರಿಗಾದ್ರೂ ಇಳೀತಿರ್ಲಿಲ್ವಲ್ಲೋ."

ಅವನು ನೆಲ ನೋಡಿದ. ಅವನೇ ನಿಂತು ನುಣುಪು ಮಾಡಿಸಿದ ನೆಲ. ಲಾರಿಗಳ ಕೆಳಗೆ ಎಣ್ಣೆ ಮಡುಗಟ್ಟಿತ್ತು.

"ಯಾರ್ಡೊಳಗೆ ಇರೋಕೆ ಮನೆ ಕೊಡ್ತೀನಿ ಅಂದಿದಾನೆ ಅಕ್ಕ. ಕಲ್ಲಿನ ಮನೆ," ಎಂದ.

ಮಧ್ಯಾಹ್ನ ಮಳೆ ಮತ್ತೆ ಹಿಡಿಯಿತು. ಹುಲ್ಲಿಲ್ಲದ ಇಳಿಜಾರಿನಲ್ಲಿ ನೀರು ಒಂದು ಗಳಿಗೆಯೂ ನಿಲ್ಲಲಿಲ್ಲ. ದಂಡೆಯ ಜೊಂಡಿನ ಮರೆಯಲ್ಲಿದ್ದ ಪೈಪಿನ ಬಾಯಿ ಕೆಮ್ಮಿ ಕಪ್ಪು ಉಗುಳತೊಡಗಿತು. ದೊಡ್ಡಕ್ಕ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು, ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿದಳು. ಬಾಯಿ ಅವಳ ಬೆನ್ನಿನಷ್ಟೇ ಅಗಲವಿತ್ತು. ಎರಡೂ ಪಕ್ಕದಿಂದ ಸೋರುವುದನ್ನು ಕಂಡು ಮುದುಕಿ ತಾನೂ ಇಳಿದು ಕೆಸರು ಮೆತ್ತತೊಡಗಿದಳು. ಅವಳ ಹಿಂದೆಯೇ ಉಳಿದವರೂ ಇಳಿದರು.

ಹಾರೆ ಹಿಡಿದು ಜಾರುತ್ತ ತಮ್ಮ ಓಡಿ ಬಂದ.

"ಏಳಕ್ಕಾ! ಯಾರ್ಡೆಲ್ಲಾ ನೀರು ನಿಂತಿದೆ. ಧಣಿ ನನ್ನ ಚರ್ಮ ಸುಲೀತಾನೆ."

"ಎಬ್ಬಿಸು."

"ತಮಾಷೆ ಮಾಡ್ಬೇಡ. ಏಳೇ!"

"ಕೈ ಹಾಕಿ ಎಬ್ಬಿಸೋ."

ಪೈಪಿನೊಳಗೆ ನೀರು ಗೊರಗೊರ ಎನ್ನುತ್ತ ಅವಳ ಬೆನ್ನುಮೂಳೆಯನ್ನು ಒತ್ತಿತು. ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಒಂದು ಹೆಜ್ಜೆ ಮುಂದಿಟ್ಟ. ಮುದುಕಿ ಅವನತ್ತ ನೋಡದೆ ಇನ್ನೊಂದು ಹಿಡಿ ಕೆಸರನ್ನು ದೊಡ್ಡಕ್ಕನ ಭುಜಕ್ಕೆ ಮೆತ್ತಿ, ಅಂಗೈಯಿಂದ ತಟ್ಟಿದಳು.